ಸೀತಾಫಲ, ರಾಮಫಲ, ಲಕ್ಷ್ಮಣಫಲ



ನಮ್ಮ ಪೀರನವಾಡಿಯಲ್ಲಿ ದಸರಾ ಬಂತೆಂದರೆ ಸೀತಾಫಲದ ಸುಗ್ಗಿ. ಶಿವರಾತ್ರಿ, ಯುಗಾದಿ ಸುಮಾರಿಗೆ ರಾಮಫಲ ಬರುತ್ತದೆ. ಲಕ್ಷ್ಮಣಫಲ ಮಾತ್ರ ಅಪರೂಪ. ಈ ಮೂರೂ ‘ಅನೋನಾ’ ಎಂಬ ಒಂದೇ ಮನೆತನದ ಹಣ್ಣುಗಳು.

ಹೆಸರು ಕೇಳಿದರೆ ರಾಮಾಯಣದ ಹಣ್ಣು ಅನಿಸ್ತದ. ಆದರೆ ಇವುಗಳ ತವರು ಅಮೆರಿಕ ಖಂಡದ ಬಿಸಿ ನಾಡುಗಳು. ದೂರದಿಂದ ಬಂದವಕ್ಕೆ ನಮ್ಮ ಹಿರಿಯರು ನಮ್ಮ ಹೆಸರನ್ನೇ ಇಟ್ಟರು.

ಇವನ್ನು ಗುರುತಿಸುವುದು ಹೇಗೆ? ಸಿಪ್ಪೆ ನೋಡಬೇಕು. 1753ರಲ್ಲಿ ಲಿನೇಯಸ್ ಎಂಬ ವಿಜ್ಞಾನಿ ಸಿಪ್ಪೆ ನೋಡಿಯೇ ಹೆಸರು ಕೊಟ್ಟಿದ್ದಾನೆ.

1. ಸೀತಾಫಲ (ಸ್ಕ್ವಾಮೋಸಾ, ಅಂದರೆ ಹುರುಪೆಯುಳ್ಳದ್ದು): ಮೈತುಂಬ ಗುಬ್ಬಿ ಗುಬ್ಬಿ. ಹಣ್ಣಾದಾಗ ಗುಬ್ಬಿಗಳು ಬಿಚ್ಚಿಕೊಳ್ಳುತ್ತವೆ. ಬಹಳ ಸಿಹಿ.
2. ರಾಮಫಲ (ರೆಟಿಕ್ಯುಲೇಟಾ, ಅಂದರೆ ಬಲೆಯಂಥದ್ದು): ನುಣುಪು ಸಿಪ್ಪೆ, ಮೇಲೆ ಬಲೆಯಂಥ ಗೆರೆ, ಕೆಂಪು ಹಳದಿ ಬಣ್ಣ. ತಿರುಳು ಸಿಪ್ಪೆಯ ಹತ್ತಿರ ರವೆಯಂತೆ. ಸಿಹಿ ಸ್ವಲ್ಪ ಕಡಿಮೆ. ಇಂಗ್ಲಿಷರು ಇದಕ್ಕೆ ‘ಎತ್ತಿನ ಗುಂಡಿಗೆ’ ಅಂತಾರ.
3. ಲಕ್ಷ್ಮಣಫಲ (ಮ್ಯೂರಿಕೇಟಾ, ಅಂದರೆ ಮುಳ್ಳು ಮುಳ್ಳಾದದ್ದು): ಹಸಿರು, ದೊಡ್ಡದು, ಮೆತ್ತನೆ ಮುಳ್ಳು. ಬಿಳಿ ತಿರುಳಿನಲ್ಲಿ ನಾರು, ರುಚಿ ಹುಳಿಸಿಹಿ.

ಒಂದು ಸೀತಾಫಲ ಬಿಡಿಸಿ ಎಣಿಸಿದೆ. ತೊಳೆ ಬಹಳ, ಬೀಜ 41. ಕೆಲವು ತೊಳೆಯಲ್ಲಿ ಬೀಜವೇ ಇಲ್ಲ! ಕಾರಣ, ಒಂದೇ ಹೂವಿನಲ್ಲಿ ಹಲವು ಅಂಡಾಶಯಗಳಿರುತ್ತವೆ. ಎಲ್ಲ ಕೂಡಿ ಒಂದು ಹಣ್ಣಾಗುತ್ತವೆ. ಪರಾಗ ಮುಟ್ಟದ ತೊಳೆಯಲ್ಲಿ ಬೀಜವಾಗುವುದಿಲ್ಲ. ಈ ಪರಾಗ ಒಯ್ಯುವುದು ಸಣ್ಣ ಸಣ್ಣ ದುಂಬಿಗಳು.

ಬೀಜ ಕಡಿಮೆ ಇರುವ ‘ಅರ್ಕಾ ಸಹನ್’ ಎಂಬ ಮಿಶ್ರತಳಿಯನ್ನು ಬೆಂಗಳೂರಿನ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ಮಾಡಿದ್ದಾರೆ.

ಈಗ ಮುಖ್ಯ ಮಾತು. ತಿರುಳು ಅಮೃತ, ಆದರೆ ಬೀಜದೊಳಗಿನ ಬಿಳಿ ಬೇಳೆ ವಿಷ. ಇಡೀ ಬೀಜ ನುಂಗಿದರೆ ಗಟ್ಟಿ ಸಿಪ್ಪೆಯಿಂದಾಗಿ ಸಾಮಾನ್ಯವಾಗಿ ಹಾಗೇ ಹೊರಗೆ ಹೋಗುತ್ತದೆ. ಅಗಿಯಬಾರದು. ಹಳ್ಳಿಗಳಲ್ಲಿ ಹೇನು ಸಾಯಲೆಂದು ಸೀತಾಫಲದ ಬೀಜ ಅರೆದು ತಲೆಗೆ ಹಚ್ಚುವ ರೂಢಿ ಉಂಟು. ಹೇನು ಸಾಯುತ್ತವೆ, ಖರೆ. ಆದರೆ ತಲೆ ತೊಳೆಯುವಾಗ ಆ ನೀರು ಕಣ್ಣಿಗೆ ಇಳಿದರೆ ಕಣ್ಣಿನ ಕರಿಗುಡ್ಡೆಯ ಮೇಲಿನ ಪೊರೆಗೆ ಗಾಯವಾಗುತ್ತದೆ, ವಿಪರೀತ ಉರಿಯುತ್ತದೆ, ದೃಷ್ಟಿ ಮಂಜಾಗಬಹುದು. ಹಾಗಾದರೆ ಕಣ್ಣು ಉಜ್ಜಬೇಡಿ. ಶುದ್ಧ ನೀರಿನಿಂದ ಬಹಳ ಹೊತ್ತು ತೊಳೆದು ಕೂಡಲೇ ವೈದ್ಯರ ಕಡೆ ಹೋಗಿ.

ಹೇನಿಗೆ ಸಣ್ಣ ಹಣಿಗೆ ಸಾಕು. ಗೆಳತಿಯರೇ, ಇದನ್ನು ಮನೆಯಲ್ಲಿ ಅವ್ವ, ಅಜ್ಜಿಗೂ ಓದಿ ಹೇಳಿರಿ.