ಶೆಗಡಿ ಎಷ್ಟು ಹೊತ್ತು ಇಡಬೇಕು?

ಗಡಹಿಂಗ್ಲಜದ ಕಡೆ ಚಳಿಗೆಂದು ಮನೆ ಕಾಯಿಸುವ ರೂಢಿ ಇಲ್ಲ. ಡಿಸೆಂಬರಿನಲ್ಲೂ ಹಗಲು 28 ಡಿಗ್ರಿಯ ಸುಮಾರು ಇರುತ್ತದೆ, ರಾತ್ರಿ 15ರ ಆಸುಪಾಸಿಗೆ ಇಳಿದರೆ ಕೌದಿ ಹೊದ್ದುಕೊಂಡರಾಯಿತು. ಕೋಣೆಯೊಳಗೆ ಬೆಂಕಿ ಬರುವುದು ಬಾಣಂತಿ ಇದ್ದಾಗ ಮಾತ್ರ. ಹೊರಸಿನ ಕೆಳಗೆ ಇದ್ದಲಿಯ ಶೆಗಡಿ, ಮೇಲೆ ತಾಯಿ, ಕೂಸು. ನಮ್ಮ ಅತ್ತೆಯವರು ಮನೆಯ ಹೆಣ್ಣುಮಕ್ಕಳಿಗೆಲ್ಲ ಹೀಗೇ ಬಾಣಂತನ ಮಾಡಿದವರು. ಶೆಗಡಿ ಎಷ್ಟು ಹೊತ್ತು ಇಡಬೇಕೆಂದು ಅವರನ್ನು ಯಾರೂ ಕೇಳಿದ್ದಿಲ್ಲ. ಬೆಳತನಕ ಇರುತ್ತಿತ್ತು, ಯಾರಿಗೂ ಏನೂ ಆಗಿರಲಿಲ್ಲ.

ಕಾಪಾಡುತ್ತಿದ್ದದ್ದು ಆ ಮನೆ ಎಂಬುದು ತಿಳಿದದ್ದು ಮಗಳ ಎರಡನೇ ಬಾಣಂತನದಲ್ಲಿ. ದೊಡ್ಡ ಹುಡುಗಿಯ ಶಾಲೆ ಬಿಡಿಸುವ ಹಾಗಿರಲಿಲ್ಲ, ಅವಳು ತವರಿಗೆ ಬರುವ ಬದಲು ನಾನೇ ಇಚಲಕರಂಜಿಗೆ ಹೋದೆ. ನಮ್ಮದು ಮಣ್ಣಿನ ಗೋಡೆ, ಹೆಂಚಿನ ಮಾಡು, ನೆತ್ತಿಯ ಮೇಲೊಂದು ಬೆಳಕಿಂಡಿ. ಹೆಂಚಿನ ಸಂದುಗಳಲ್ಲಿ ಗಾಳಿ ಆಡುತ್ತಲೇ ಇರುತ್ತದೆ. ಅವಳದು ಸ್ಲ್ಯಾಬಿನ ಮನೆ. ಅಲ್ಯೂಮಿನಿಯಂ ಕಿಟಕಿ ಎಳೆದರೆ ಕೆಳಗಿನ ಮಗ್ಗಗಳ ಸದ್ದು ಕೂಡ ಅರ್ಧ ನಿಲ್ಲುತ್ತದೆ.

ಬೀಗತಿ ಅಕ್ಕರೆಯಿಂದ ಶೆಗಡಿ ಹೊತ್ತಿಸಿ, ಹೊಗೆ ಪೂರಾ ಹೋದ ಮೇಲೆಯೇ ಒಳಗೆ ತಂದಿಟ್ಟರು. ಅದರಲ್ಲಿ ಅವರು ಬಹಳ ಕಟ್ಟುನಿಟ್ಟು. ರಾತ್ರಿ ಮಗಳಿಗೆ ತಲೆನೋವು, ವಾಕರಿಕೆ. "ಹಸಿ ಮೈ ಅಲ್ಲೇನ್ರೀ, ಹಂಗ ಆಗ್ತೈತಿ" ಎಂದರು ಬೀಗತಿ. ನಾನೆಂದೆ, "ಹಡದಾಕಿ ಅಕಿ, ತಲಿ ನಂದ್ಯಾಕ್ರೀ ಸಿಡ್ಯಾಕತ್ತೈತಿ?" ಎಲ್ಲರೂ ಕೂಸನ್ನೆತ್ತಿಕೊಂಡು ಹೊರಗೆ ಬಂದೆವು. ತುಸು ಹೊತ್ತಿಗೆ ತಲೆ ಹಗುರಾಯಿತು. ಅಳಿಯ ಕೊರೊನಾ ಕಾಲದ ಆಕ್ಸಿಮೀಟರ್ ತಂದು ಬೆರಳಿಗೆ ಸಿಕ್ಕಿಸಿದ. 98 ತೋರಿಸಿತು. ಏನಿಲ್ಲ ಬಿಡಿ ಎಂದ. ನನಗೆ ಸಮಾಧಾನವಾಗಲಿಲ್ಲ, ರಾತ್ರಿಯೇ ತಾಯಿ-ಕೂಸನ್ನು ಆಸ್ಪತ್ರೆಗೆ ಕರೆದೊಯ್ದೆವು.

ಅಲ್ಲಿನ ಡಾಕ್ಟರಮ್ಮ ಆಕ್ಸಿಮೀಟರಿನ ಮಾತು ಕೇಳಿ ತಲೆಯಾಡಿಸಿದರು. ಇದ್ದಲಿಯಿಂದ ಏಳುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್‌ಗೆ ಅದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟುತ್ತದೆ. ಮನೆಯ ಆಕ್ಸಿಮೀಟರಿಗೆ ಎರಡರ ವ್ಯತ್ಯಾಸ ತಿಳಿಯದು, ವಿಷ ತುಂಬಿದ ರಕ್ತಕ್ಕೂ ಒಳ್ಳೆಯ ಅಂಕಿಯನ್ನೇ ಕೊಡುತ್ತದೆ. ಹೊಗೆ ಅಡಗಿ ನಿಗಿನಿಗಿ ಉರಿಯುವ ಕೆಂಡವೇ ಈ ಅನಿಲದ ತವರು. ಬೂದಿ ಮುಚ್ಚಿದರೂ ಬರುವುದು ನಿಲ್ಲುವುದಿಲ್ಲ. ಒಂದೇ ಕೋಣೆಯಲ್ಲಿದ್ದವರಿಗೆಲ್ಲ ಒಟ್ಟಿಗೆ ತಲೆನೋವು ಬಂದು, ಹೊರಗೆ ಹೋದರೆ ಇಳಿಯಿತೆಂದರೆ ಅನುಮಾನ ಇದರ ಮೇಲೇ ಇರಬೇಕಂತೆ.

ಹಾಗಾದರೆ ಎಷ್ಟು ಹೊತ್ತು? ಮುಚ್ಚಿದ ಸ್ಲ್ಯಾಬಿನ ಕೋಣೆಯಲ್ಲಿ ಒಂದು ಗಳಿಗೆಯೂ ಬೇಡ. ಬೀಗತಿಗೆ ಇದು ಒಪ್ಪಿಗೆಯಾಗಲಿಲ್ಲ. ಕಾವಿಲ್ಲದ ಬಾಣಂತನ ಯಾವ ಸೀಮೆಯದು ಎಂದು ಅವರ ಸಿಟ್ಟು. ಅಳಿಯ 2000 ವ್ಯಾಟಿನ ಹೀಟರ್ ತಂದ. ಎಡೆಬಿಡದೆ ಉರಿದರೆ ಗಂಟೆಗೆ 2 ಯೂನಿಟ್. ಎಳೆಗೂಸಿನ ಕೋಣೆ 25 ಡಿಗ್ರಿಯ ಸುಮಾರು ಇರಲಿ ಎಂದಿದ್ದರು ಡಾಕ್ಟರಮ್ಮ. ಗೋಡೆಗೊಂದು ಥರ್ಮಾಮೀಟರ್ ತೂಗುಹಾಕಿ ನೋಡಿದರೆ, ಹಗಲೆಲ್ಲ ಬಿಸಿಲುಂಡ ಸ್ಲ್ಯಾಬ್ ಸಂಜೆ ತಾನಾಗಿಯೇ ಅಷ್ಟು ಕಾವು ಕೊಡುತ್ತಿತ್ತು! ಕೊರೆಯುತ್ತಿದ್ದದ್ದು ನಸುಕಿನಲ್ಲಿ. ಸಂಜೆಯಿಂದಲೇ ಹೀಟರ್ ಹಚ್ಚಿಡುವುದು ಬರೀ ಬಿಲ್ಲಿಗೆ ದಾರಿ. ನಸುಕಿನಲ್ಲಿ ಒಂದು ತಾಸು, ಎಣ್ಣೆ-ನೀರಿಗೆ ಮುಂಚೆ ಸ್ವಲ್ಪ, ಇಷ್ಟು ಸಾಕಾಯಿತು. ಮಗ್ಗದ ಊರಲ್ಲವೇ, ಹತ್ತಿಯ ನವಿರು ಎಲ್ಲೆಲ್ಲೂ ಹಾರುತ್ತದೆ. ಕಾಯಿಲ್ ಮೇಲೆ ಕೂತರೆ ಹೊತ್ತಿಕೊಂಡೀತೆಂದು ಹೀಟರನ್ನು ಆರಿಸಿ, ತಣ್ಣಗಾದ ಮೇಲೆ ನಾನೇ ಒರೆಸುತ್ತಿದ್ದೆ. ಉಳಿದ ಹೊತ್ತು ಕೂಸು ತಾಯಿಯ ಎದೆಗೆ ಅಂಟಿಕೊಂಡು ಕೌದಿಯೊಳಗೆ. 1978ರಲ್ಲಿ ಕೊಲಂಬಿಯಾದ ಬೊಗೋಟಾದ ಆಸ್ಪತ್ರೆಯೊಂದು ಇನ್‌ಕ್ಯುಬೇಟರ್ ಸಾಲದೆ ತೂಕ ಕಡಿಮೆಯ ಮಕ್ಕಳನ್ನು ಹೀಗೇ ಉಳಿಸಲು ತೊಡಗಿತು, ಅದಕ್ಕೇ ಕಾಂಗರೂ ಆರೈಕೆ ಎನ್ನುತ್ತಾರೆ. ಇದನ್ನು ಕೇಳಿದ ಮೇಲೆ ಬೀಗತಿ ಸ್ವಲ್ಪ ಮೆತ್ತಗಾದರು.

ಈಗ ಕೊಲ್ಲಾಪುರದ ಫ್ಲ್ಯಾಟಿನಲ್ಲಿ ಸೊಸೆಗೆ ದಿನ ತುಂಬುತ್ತಿದೆ. ಯಾವ ಹೀಟರ್ ತರಲಿ ಎಂದು ಮಗ ಫೋನ್ ಮಾಡಿದ್ದ. ಅದಿರಲಿ, ಗೀಸರ್ ಯಾವುದು ಎಂದು ಕೇಳಿದೆ. ಗ್ಯಾಸಿನದು, ಬಚ್ಚಲೊಳಗೇ ಇದೆ, ಬಚ್ಚಲ ಕಿಟಕಿ ಚಳಿಗೆಂದು ಮುಚ್ಚಿದೆ. ಅಲ್ಲಿ ಹುಟ್ಟುವುದೂ ಇದೇ ಅನಿಲ. ಮೊದಲು ಅದನ್ನು ಹೊರಗಿನ ಗ್ಯಾಲರಿಗೆ ಸಾಗಿಸು, ಹೀಟರ್ ಆಮೇಲೆ ಎಂದಿದ್ದೇನೆ. ಪ್ಲಂಬರ್ ಸೋಮವಾರ ಬರುತ್ತಾನಂತೆ.