ಆಟದಂಗಳದ ಒಳಗೆ, ಹೊರಗೆ: ಎರಡು ಕಾದಂಬರಿಗಳ ಓದು

ಹದಿಹರೆಯದ ಪಾತ್ರಗಳನ್ನು ಕೇಂದ್ರದಲ್ಲಿಟ್ಟು, ಅದೇ ವಯಸ್ಸಿನ ಓದುಗರಿಗಾಗಿ ರಚಿತವಾದ ಕೃತಿಗಳನ್ನು ಇಂದು ಯುವ ಕಾದಂಬರಿ ಎಂಬ ಪ್ರತ್ಯೇಕ ಪ್ರಕಾರವಾಗಿ ಗುರುತಿಸುತ್ತಾರೆ. ಆಟ, ಗೆಳೆತನ ಮತ್ತು ಬಡತನ ಅವುಗಳಲ್ಲಿ ಮತ್ತೆ ಮತ್ತೆ ಎದುರಾಗುವ ವಸ್ತುಗಳು. ಇಂಥ ಕೃತಿಯಲ್ಲಿ ಬಡತನದ ಚಿತ್ರಣವಿದೆಯೇ ಎಂದು ಕೇಳಿ ಉತ್ತರ ಬರೆಯುವುದು ಸುಲಭ. ಆ ಬಡತನವನ್ನು ನೋಡುವ ಕಣ್ಣು ಯಾರದು, ಅದನ್ನು ಹೇಳುವ ಮಾತು ಯಾರದು ಎಂದು ಕೇಳಿದಾಗಲೇ ವಿಮರ್ಶೆ ಆರಂಭವಾಗುತ್ತದೆ. ಈ ಪ್ರಶ್ನೆಯೊಡನೆ ಎರಡು ಕಾದಂಬರಿಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡೋಣ.

ಕೃತಿಗಳು

ಮೊದಲನೆಯದು, ಮೈಸೂರಿನಲ್ಲಿ ಬಾಳಿದ ಆರ್.ಕೆ. ನಾರಾಯಣ್ ಅವರ ‘ಸ್ವಾಮಿ ಅಂಡ್ ಫ್ರೆಂಡ್ಸ್’ (1935). ಯುವ ಕಾದಂಬರಿ ಎಂಬ ಹೆಸರು ನಮ್ಮಲ್ಲಿ ಬಳಕೆಗೆ ಬರುವ ಮೊದಲೇ ಬಂದ ಈ ಕೃತಿ ಶಂಕರ್ ನಾಗ್ ಅವರ ‘ಮಾಲ್ಗುಡಿ ಡೇಸ್’ ಧಾರಾವಾಹಿಯಿಂದ ಮನೆಮಾತಾಯಿತು. ಎರಡನೆಯದು, ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿ ಬೆಳೆದ ಕಪ್ಪು ಲೇಖಕ ವಾಲ್ಟರ್ ಡೀನ್ ಮೈಯರ್ಸ್ ಅವರ ‘ಸ್ಲ್ಯಾಮ್!’ (1996). ಇದಕ್ಕೆ 1997ರಲ್ಲಿ ಕೊರೆಟ್ಟಾ ಸ್ಕಾಟ್ ಕಿಂಗ್ ಪ್ರಶಸ್ತಿ ಲಭಿಸಿತು. ಅಲ್ಲಿ ಕ್ರಿಕೆಟ್, ಇಲ್ಲಿ ಬ್ಯಾಸ್ಕೆಟ್‌ಬಾಲ್.

ಆಟ

ಬ್ಯಾಸ್ಕೆಟ್‌ಬಾಲ್ ಆಟವನ್ನು 1891ರಲ್ಲಿ ಜೇಮ್ಸ್ ನೈಸ್ಮಿತ್ ಎಂಬ ಶಿಕ್ಷಕ, ಚಳಿಗಾಲದಲ್ಲಿ ಒಳಾಂಗಣದಲ್ಲಿ ಆಡಲೆಂದು ಹಣ್ಣಿನ ಬುಟ್ಟಿಗಳನ್ನು ಕಟ್ಟಿ ರೂಪಿಸಿದ. ಒಂದು ಚೆಂಡು, ಹತ್ತು ಅಡಿ ಎತ್ತರದಲ್ಲಿ ಒಂದು ಬಳೆ ಇದ್ದರೆ ಬೀದಿಯ ಮೂಲೆಯಲ್ಲೂ ಆಡಬಹುದು. ಆದ್ದರಿಂದಲೇ ಅದು ಬಡ ಕೇರಿಗಳ ಆಟವೂ ಆಯಿತು. ‘ಸ್ಲ್ಯಾಮ್!’ ಕಾದಂಬರಿಯ ಗ್ರೆಗ್ ಹ್ಯಾರಿಸ್‌ಗೆ ಹದಿನೇಳು ವರ್ಷ. ಬಳೆಯ ಕೆಳಗೆ ಅವನಿಗೆ ಭಯವಿಲ್ಲ. ಆದರೆ ಹಾರ್ಲೆಮ್‌ನಿಂದ ಬಿಳಿಯರೇ ಹೆಚ್ಚಾಗಿರುವ ಕಲಾಶಾಲೆಗೆ ಸೇರಿದ ಅವನಿಗೆ ಗಣಿತ ಕೈಹಿಡಿಯುವುದಿಲ್ಲ, ತರಬೇತುದಾರನ ಒಲವು ದೊರೆಯುವುದಿಲ್ಲ. ಅಜ್ಜಿ ಆಸ್ಪತ್ರೆಯಲ್ಲಿದ್ದಾಳೆ. ಅಂಗಳದ ನಿಯಮ ಎಲ್ಲರಿಗೂ ಒಂದೇ. ಅಂಗಳದವರೆಗಿನ ದಾರಿ ಮಾತ್ರ ಒಂದೇ ಅಲ್ಲ. ಕಥೆ ಹುಟ್ಟುವುದು ಈ ಅಂತರದಲ್ಲಿ.

ಸ್ವಾಮಿಯ ಬಳಗಕ್ಕೂ ಆಟದ ಸಾಮಗ್ರಿ ಸುಲಭವಲ್ಲ. ಬ್ಯಾಟು ಚೆಂಡುಗಳಿಗಾಗಿ ಮದರಾಸಿನ ಅಂಗಡಿಗೆ ಪತ್ರ ಬರೆಯುತ್ತಾರೆ. ಅಂಗಡಿಯವರು ಮುಂಗಡ ಕೇಳಿದಾಗ ತಬ್ಬಿಬ್ಬಾಗುತ್ತಾರೆ. ಆದರೆ ಹಣದ ಈ ಕೊರತೆ ಅಲ್ಲಿ ನಗೆಯ ವಸ್ತು, ಬದುಕಿನ ಪ್ರಶ್ನೆಯಲ್ಲ.

ಗೆಳೆತನ

ಎರಡೂ ಕೃತಿಗಳಲ್ಲಿ ಆಟವೇ ಗೆಳೆತನವನ್ನು ಪರೀಕ್ಷೆಗೆ ಒಡ್ಡುತ್ತದೆ. ಸ್ವಾಮಿ ಪಂದ್ಯಕ್ಕೆ ಬರುವುದಿಲ್ಲ. ಪೊಲೀಸ್ ಅಧಿಕಾರಿಯ ಮಗ ರಾಜಂ ಅದನ್ನು ಕ್ಷಮಿಸದೆಯೇ ಊರು ಬಿಡುತ್ತಾನೆ. ಗ್ರೆಗ್‌ನ ಬಾಲ್ಯಸ್ನೇಹಿತ ಐಸ್ ಹಳೆಯ ಶಾಲೆಯ ತಂಡದ ಆಟಗಾರ. ಅವನು ಮಾದಕ ವಸ್ತುಗಳ ವ್ಯವಹಾರಕ್ಕೆ ಇಳಿದನೇ ಎಂಬ ಅನುಮಾನ ಗ್ರೆಗ್‌ನನ್ನು ಕೊರೆಯುತ್ತದೆ. ರಾಜಂ ದೂರವಾಗುವುದು ಮುನಿಸಿನಿಂದ. ಐಸ್ ದೂರವಾಗುವುದು ಕೇರಿಯ ಬಡತನ ತೆರೆದಿಟ್ಟ ಅಡ್ಡದಾರಿಯಿಂದ. ಒಂದೇ ಅಂಗಳದಲ್ಲಿ ಬೆಳೆದ ಇಬ್ಬರು ಎರಡು ದಿಕ್ಕಿಗೆ ಹೋಗುವುದನ್ನು ಮೈಯರ್ಸ್ ಬರಿಯ ಗುಣದೋಷದ ಮಾತಾಗಿಸದೆ ಪರಿಸರದ ಒತ್ತಡವನ್ನೂ ಕಾಣಿಸುತ್ತಾರೆ.

ಕಣ್ಣು ಮತ್ತು ಮಾತು

ಸ್ವಾಮಿಯ ಕಥೆಯಲ್ಲಿ ಬಡ ಹುಡುಗನೊಬ್ಬ ಇದ್ದಾನೆ. ಉರುಳಿಸಿ ಆಡುವ ಚಕ್ರವನ್ನು ಕೊಡಿಸುವುದಾಗಿ ನಂಬಿಸಿ ಸ್ವಾಮಿಯಿಂದ ಕಾಸು ಪಡೆದ ಜಟಕಾದವನ ಮಗ ಅವನು. ಸ್ವಾಮಿಯ ಕಣ್ಣಿಗೆ ಅವನು ಶತ್ರು. ಅವನ ಮನೆಯೊಳಗೆ ಏನಿದೆಯೆಂದು ಓದುಗರಿಗೆ ತಿಳಿಯುವುದಿಲ್ಲ. ಇದು ಕೃತಿಯ ದೋಷವೆಂದು ಅವಸರದ ತೀರ್ಪು ಬೇಡ. ಮಧ್ಯಮ ವರ್ಗದ ಬಾಲಕನ ನೋಟದ ಮಿತಿಯನ್ನು ಲೇಖಕರು ಪ್ರಾಮಾಣಿಕವಾಗಿಯೇ ಕಾಣಿಸಿದ್ದಾರೆ. ಆದರೆ ಜಟಕಾದವನ ಮಗ ತಾನೇ ಕಥೆ ಹೇಳಿದ್ದರೆ? ಆ ಪ್ರಶ್ನೆಗೆ ‘ಸ್ಲ್ಯಾಮ್!’ ಒಂದು ಉತ್ತರ. ಅಲ್ಲಿ ಗ್ರೆಗ್ ತನ್ನ ಕಥೆಯನ್ನು ತಾನೇ ಹೇಳುತ್ತಾನೆ, ಅದೂ ಶಾಲೆಯ ಇಂಗ್ಲಿಷಿನಲ್ಲಲ್ಲ, ತನ್ನ ಕೇರಿಯ ಮಾತಿನಲ್ಲಿ.

ಬಡ ಬಾಲ್ಯದ ಇಂಥ ಒಳನೋಟವನ್ನು ನಮ್ಮಲ್ಲಿ ಗಾಢವಾಗಿ ಕೊಟ್ಟದ್ದು ಆತ್ಮಕಥನ. ಮರಾಠಿಯಲ್ಲಿ ದಯಾ ಪವಾರ್ ಅವರ ‘ಬಲುತಂ’ (1978), ಕನ್ನಡದಲ್ಲಿ ಸಿದ್ಧಲಿಂಗಯ್ಯನವರ ‘ಊರುಕೇರಿ’, ಅರವಿಂದ ಮಾಲಗತ್ತಿಯವರ ‘ಗೌರ್ಮೆಂಟ್ ಬ್ರಾಹ್ಮಣ’ ಇದಕ್ಕೆ ನಿದರ್ಶನ. ಆಡುಮಾತು ಇಡೀ ಕಥನದ ಭಾಷೆಯಾಗಬಲ್ಲದೆಂಬುದನ್ನು ದೇವನೂರ ಮಹಾದೇವರ ‘ಕುಸುಮಬಾಲೆ’ ತೋರಿಸಿತು.

ದೌಲತಾಬಾದ್, ತಾಂಡೂರು, ನಾರಾಯಣಖೇಡ, ಜಹೀರಾಬಾದ್ ಕಡೆಯ ವಿದ್ಯಾರ್ಥಿಗಳಿಗೆ ಇದು ದೂರದ ವಿಷಯವಲ್ಲ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತೆಲುಗು, ಸಂತೆಯಲ್ಲಿ ದಖನಿ, ನೆಂಟರ ನಡುವೆ ಮರಾಠಿ ಕೇಳಿ ಬೆಳೆದವರು ತಮ್ಮ ಕನ್ನಡವನ್ನು ಅಶುದ್ಧವೆಂದು ಬಚ್ಚಿಡುವುದುಂಟು. ಪರೀಕ್ಷೆಯ ಉತ್ತರಕ್ಕೆ ಶಿಷ್ಟ ಭಾಷೆ ಬೇಕು, ಅದನ್ನು ಶ್ರದ್ಧೆಯಿಂದ ಕಲಿಯಿರಿ. ಆದರೆ ಕಬಡ್ಡಿಯ ಅಂಕಣದಲ್ಲಿ ಬರಿಗಾಲಲ್ಲಿ ಆಡುವ ನಿಮ್ಮೂರಿನ ಹುಡುಗನೋ ಹುಡುಗಿಯೋ ಕಥೆ ಹೇಳಬೇಕಾದಾಗ, ಬಚ್ಚಿಟ್ಟ ಆ ಕನ್ನಡವೇ ಬೇಕಾಗುತ್ತದೆ. ಅದನ್ನು ನೀವು ಬರೆಯದಿದ್ದರೆ ಬೇರೊಬ್ಬರು ಹೊರಗಿನಿಂದ ನೋಡಿ ಬರೆದಾರು.

ಅಭ್ಯಾಸಕ್ಕೆ

1. ‘ಆಟದ ನಿಯಮ ಸಮಾನ, ಆಟಕ್ಕೆ ಬರುವ ದಾರಿ ಅಸಮಾನ.’ ಎರಡೂ ಕಾದಂಬರಿಗಳನ್ನು ಆಧರಿಸಿ ಚರ್ಚಿಸಿರಿ.
2. ರಾಜಂ ಮತ್ತು ಐಸ್ ಪಾತ್ರಗಳನ್ನು ಹೋಲಿಸಿರಿ.
3. ಜಟಕಾದವನ ಮಗನ ಪ್ರಸಂಗವನ್ನು ಅವನ ದೃಷ್ಟಿಯಿಂದ, ನಿಮ್ಮೂರಿನ ಆಡುಮಾತಿನಲ್ಲಿ ಒಂದು ಪುಟಕ್ಕೆ ಮೀರದಂತೆ ಬರೆಯಿರಿ.