ವಿದ್ಯಾರ್ಥಿಗಳಿಗೆ ರಾಜಕೀಯ ಬೇಕೇ? ಬೇಡವೇ?

(ಸಂಘದ ಸಭೆಯಲ್ಲಿ ಓದಿ ಚರ್ಚಿಸಲು)



"ನಮ್ಮ ಹುಡುಗ ಓದೋಕೆ ಅಂತ ಕಾಲೇಜಿಗೆ ಹೋದ. ಈಗ ನೋಡಿದ್ರೆ ಬಾವುಟ ಹಿಡ್ಕೊಂಡು ತಿರುಗ್ತಾನೆ. ಏನ್ ಮಾಡೋದು?" ಇದು ಅನೇಕ ತಾಯಂದಿರ ಪ್ರಶ್ನೆ. ಅವರ ಆತಂಕ ಸುಳ್ಳಲ್ಲ. ಗಲಾಟೆಯಲ್ಲಿ ಒಮ್ಮೆ ಕೇಸು ಬಿತ್ತು ಅಂದ್ರೆ, ಮುಂದೆ ಪಾಸ್‌ಪೋರ್ಟ್, ಸರ್ಕಾರಿ ಕೆಲಸ ಎಂದಾಗ ಪೊಲೀಸ್ ಪರಿಶೀಲನೆಯಲ್ಲಿ ಅದು ಎದುರು ಬರುತ್ತದೆ. ಆಗ ಕೂಲಿ ಬಿಟ್ಟು ಕೋರ್ಟಿಗೆ ಅಲೆಯುವವರು ತಂದೆತಾಯಿಯೇ ಹೊರತು ಕರೆದೊಯ್ದ ನಾಯಕರಲ್ಲ.

ಹಾಗಾದರೆ ಮಕ್ಕಳು ರಾಜಕೀಯದಿಂದ ಪೂರ್ತಿ ದೂರ ಇರಬೇಕೇ?

ಹಿಂದೆ ನಡೆದದ್ದು

1942ರ ಕ್ವಿಟ್ ಇಂಡಿಯಾ ಚಳವಳಿಯಲ್ಲಿ ವಿದ್ಯಾರ್ಥಿಗಳು ತರಗತಿ ಬಿಟ್ಟು ಬೀದಿಗಿಳಿದರು. ಹುಬ್ಬಳ್ಳಿಯಲ್ಲಿ ಗುಂಡಿಗೆ ಬಲಿಯಾದ ನಾರಾಯಣ ಡೋಣಿ ಇನ್ನೂ ಬಾಲಕ. ಆದರೆ ಅದೇ ಕಾಲದಲ್ಲಿ ಗಾಂಧೀಜಿಯವರು ತಮ್ಮ ರಚನಾತ್ಮಕ ಕಾರ್ಯಕ್ರಮದ ಪುಸ್ತಿಕೆಯಲ್ಲಿ, ವಿದ್ಯಾರ್ಥಿಗಳು ಪಕ್ಷ ರಾಜಕೀಯಕ್ಕೆ ಇಳಿಯಬಾರದು ಎಂದು ಬುದ್ಧಿ ಹೇಳಿದ್ದರು. ಅಂದರೆ ನಾಡಿನ ಕೆಲಸ ಬೇರೆ, ಪಕ್ಷದ ಕೆಲಸ ಬೇರೆ.

ಕಾನೂನು ಏನು ಹೇಳುತ್ತದೆ?

1989ರಲ್ಲಿ ಮತದಾನದ ವಯಸ್ಸು 21ರಿಂದ 18ಕ್ಕೆ ಇಳಿಯಿತು. ಹೀಗಾಗಿ ಡಿಗ್ರಿ ಓದುವ ಮಕ್ಕಳು ಇಂದು ಮತದಾರರು. 21 ತುಂಬಿದವರು ಗ್ರಾಮ ಪಂಚಾಯಿತಿ ಚುನಾವಣೆಗೂ ನಿಲ್ಲಬಹುದು. ಕಾಲೇಜು ಚುನಾವಣೆಗಳ ಬಗ್ಗೆ ಲಿಂಗ್ಡೋ ಸಮಿತಿ 2006ರಲ್ಲಿ ವರದಿ ಕೊಟ್ಟಿತು. ಚುನಾವಣೆ ಇರಲಿ, ಆದರೆ ರಾಜಕೀಯ ಪಕ್ಷಗಳು ಕೈ ಹಾಕಬಾರದು. ಅಭ್ಯರ್ಥಿಯ ಖರ್ಚು 5000 ರೂಪಾಯಿ ಮೀರಬಾರದು. ಹಾಜರಾತಿ ಸರಿಯಾಗಿರಬೇಕು ಎಂದಿತು. ಸುಪ್ರೀಂ ಕೋರ್ಟ್ ಇದನ್ನು ಒಪ್ಪಿತು.

ಓದುತ್ತಲೇ ಮಾಡಬಹುದಾದ ಕೆಲಸಗಳು

1. ಮತದಾರರ ಪಟ್ಟಿಗೆ ಸೇರಲು 17 ತುಂಬಿದ ಕೂಡಲೇ ನಮೂನೆ 6ರಲ್ಲಿ ಮುಂಗಡ ಅರ್ಜಿ ಕೊಡಬಹುದು.

2. 18ರೊಳಗಿನವರು ಮಕ್ಕಳ ಗ್ರಾಮಸಭೆಯಲ್ಲಿ ಶಾಲೆಯ ಶೌಚಾಲಯ, ಕುಡಿಯುವ ನೀರು, ಬಸ್ಸಿನ ವಿಚಾರ ಎತ್ತಬಹುದು. ಮತದಾರರಾದ ಮೇಲೆ ಗ್ರಾಮಸಭೆಯಲ್ಲಿ ಕೂರುವುದು ಅವರ ಹಕ್ಕು.

3. ವಿದ್ಯಾರ್ಥಿವೇತನ ಬಂದಿಲ್ಲವೇ? 2005ರ ಮಾಹಿತಿ ಹಕ್ಕು ಕಾಯ್ದೆಯಡಿ 10 ರೂಪಾಯಿ ಶುಲ್ಕದೊಂದಿಗೆ ಅರ್ಜಿ ಹಾಕಿ ಕೇಳಬಹುದು. ಸಾಮಾನ್ಯವಾಗಿ 30 ದಿನದೊಳಗೆ ಉತ್ತರ ಕೊಡಬೇಕು.

ಇವೂ ರಾಜಕೀಯವೇ. ಇದಕ್ಕೆ ಕಲ್ಲು ಬೇಡ, ಪೆನ್ನು ಸಾಕು. ತಿಳಿದು ಪ್ರಶ್ನೆ ಕೇಳುವ ಯುವಕರನ್ನು ಯಾರೂ ಸುಲಭವಾಗಿ ಬಳಸಿಕೊಳ್ಳಲಾರರು. ಏನೂ ತಿಳಿಯದೆ ಬೆಳೆದವರೇ ಬಿರಿಯಾನಿಗೂ ಬೈಕಿನ ಪೆಟ್ರೋಲಿಗೂ ಮೆರವಣಿಗೆಯ ಆಳುಗಳಾಗುತ್ತಾರೆ.

ಆದ್ದರಿಂದ ಮಗ, ಮಗಳು ಯಾವುದೇ ಮೆರವಣಿಗೆಗೆ ಹೊರಟರೆ ಬೈಯುವ ಬದಲು ಹತ್ತಿರ ಕೂರಿಸಿಕೊಂಡು ಮೂರು ಮಾತು ಕೇಳೋಣ: "ಇದು ಯಾರ ಒಳ್ಳೇದಕ್ಕೆ? ಕರೆದವರು ತಮ್ಮ ಮಕ್ಕಳನ್ನೂ ಕಳಿಸ್ತಾರಾ? ನಾಳೆ ತೊಂದರೆ ಆದ್ರೆ ಜೊತೆಗೆ ಯಾರು ನಿಲ್ತಾರೆ?" ಈ ಮೂರಕ್ಕೂ ನೇರ ಉತ್ತರ ಸಿಕ್ಕರೆ ಹೆದರಬೇಕಿಲ್ಲ.

ಚರ್ಚೆಗೆ

* ನಮ್ಮ ಮನೆಯಲ್ಲಿ 18 ತುಂಬಿದವರ ಹೆಸರು ಮತದಾರರ ಪಟ್ಟಿಯಲ್ಲಿದೆಯೇ?
* ಕಳೆದ ಗ್ರಾಮಸಭೆಗೆ ನಮ್ಮಲ್ಲಿ ಎಷ್ಟು ಜನ ಹೋಗಿದ್ದೆವು? ಮಕ್ಕಳನ್ನು ಕರೆದೊಯ್ದೆವೇ?
* ಮುಂದಿನ ಮಕ್ಕಳ ಗ್ರಾಮಸಭೆಯಲ್ಲಿ ನಮ್ಮೂರಿನ ಮಕ್ಕಳು ಯಾವ ಒಂದು ಬೇಡಿಕೆ ಇಡಬೇಕು?